ಗೌನ್ ಅಂಚು ಕತ್ತರಿಸುವ ಮೊದಲು ಶವರ್ ಮುಗಿಸಿ: ಮದುಮಗಳಿಗೊಂದು ಲೆಕ್ಕಾಚಾರ

"ಅಕ್ಕಾ, ಗೌನ್ ಆನ್‌ಲೈನ್‌ನಲ್ಲಿ ತರಿಸಿದ್ದೀನಿ. ಎದೆ ಹತ್ತಿರ ಬಿಗಿ, ಕೆಳಗೆ ನಾಲ್ಕು ಇಂಚು ಉದ್ದ. ಮದುವೆಗೆ ಮೂರೇ ವಾರ ಇದೆ. ಆಗುತ್ತಾ?" ಮದುವೆ ಸೀಸನ್ ಹತ್ತಿರ ಬಂದರೆ ಸಾಕು, ಇದೇ ಪ್ರಶ್ನೆ. ಅದರ ಬೆನ್ನಿಗೇ ಇನ್ನೊಂದು: "ಗೆಳತಿಯರು ಬ್ರೈಡಲ್ ಶವರ್ ಮಾಡ್ತೀವಿ ಅಂತಿದ್ದಾರೆ. ಯಾವಾಗ ಇಟ್ಕೊಳ್ಳಲಿ?"

ಕೇಳುವವರಿಗೆ ಇವು ಎರಡು ಬೇರೆ ಪ್ರಶ್ನೆ. ಗೌನ್ ಹೊಲಿಯುವವಳಿಗೆ ಒಂದೇ. ಶವರ್‌ನಲ್ಲಿ, ಅಂದರೆ ಮದುವೆಗೆ ಮೊದಲು ಗೆಳತಿಯರು ಸೇರಿ ಮದುಮಗಳಿಗೆ ಉಡುಗೊರೆ ಕೊಡುವ ಕೂಟದಲ್ಲಿ, ಏನೇನು ಬರುತ್ತದೆ ನೋಡಿ: ಹೀಲ್ಸ್, ಒಳಉಡುಪು, ನೆಕ್ಲೇಸ್, ತಲೆಗೆ ಹಾಕುವ ವೇಲ್. ಇವೆಲ್ಲ ಗೌನ್‌ನ ಅಳತೆಗೆ ಕೈ ಹಾಕುವ ಸಾಮಾನುಗಳೇ. 2 ಇಂಚಿನ ಹೀಲ್ಸ್‌ಗೆ ಅಂಚು ಕತ್ತರಿಸಿ ಮುಗಿಸಿದ ಮೇಲೆ ಯಾರೋ ಪ್ರೀತಿಯಿಂದ 4 ಇಂಚಿನ ಹೀಲ್ಸ್ ಕೊಟ್ಟರು ಅಂದುಕೊಳ್ಳಿ. ಮದುವೆ ದಿನ ಗೌನ್ ಗಿಡ್ಡವಾಗಿ ನಿಲ್ಲುತ್ತದೆ. ಕತ್ತರಿಸಿದ ಬಟ್ಟೆ ಮತ್ತೆ ಬೆಳೆಯುವುದಿಲ್ಲ ಅಲ್ವಾ?

ಬೆಳಗಾವಿ ಕ್ಯಾಂಪ್ ಕಡೆಯ ಚರ್ಚ್ ಮದುವೆಗೆ ಬಿಳಿ ಗೌನ್ ಹಾಕುವವರಿಗೂ, ಬಾಗಲಕೋಟೆ, ವಿಜಯಪುರದಲ್ಲಿ ಅಕ್ಷತೆಗೆ ರೇಷ್ಮೆ ಸೀರೆ ಉಟ್ಟು ಸಂಜೆ ರಿಸೆಪ್ಷನ್‌ಗೆ ಗೌನ್ ಹಾಕುವವರಿಗೂ ಈ ಲೇಖನ. ದಾರಿ ಹೆಚ್ಚುಕಡಿಮೆ ಒಂದೇ. ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಹೇಳುತ್ತೇನೆ.

ಟೇಲರ್ ಹತ್ತಿರ ಹೋಗುವ ಮೊದಲು ಈ ಶಬ್ದಗಳು ಗೊತ್ತಿರಲಿ

ಮಾರ್ಜಿನ್: ಹೊಲಿಗೆಯ ಒಳಗೆ ಬಿಟ್ಟಿರುವ ಹೆಚ್ಚಿನ ಬಟ್ಟೆ. ಗೌನ್ ಸಡಿಲ ಮಾಡಲು ಸಿಗುವ ಬಟ್ಟೆ ಇಷ್ಟೇ.
ಅಸ್ತರ್: ಒಳಗಿನ ಲೈನಿಂಗ್.
ಬೋನಿಂಗ್: ಮೇಲ್ಭಾಗ ನೆಟ್ಟಗೆ ನಿಲ್ಲಲು ಹೊಲಿಗೆಯೊಳಗೆ ಸೇರಿಸಿರುವ ಪ್ಲಾಸ್ಟಿಕ್ ಅಥವಾ ಸ್ಟೀಲ್ ಪಟ್ಟಿ.
ಕ್ಯಾನ್‌ಕ್ಯಾನ್: ಗೌನ್ ಉಬ್ಬಿ ನಿಲ್ಲಲು ಒಳಗೆ ಹಾಕುವ ಗಟ್ಟಿ ನೆಟ್ಟಿನ ಲಂಗ.
ಟ್ರೇನ್: ಹಿಂದೆ ನೆಲದ ಮೇಲೆ ಎಳೆದುಕೊಂಡು ಬರುವ ಉದ್ದ ಸೆರಗಿನಂಥ ಭಾಗ.
ಬಸಲ್: ಆ ಟ್ರೇನನ್ನು ಊಟ, ಡಾನ್ಸ್ ಹೊತ್ತಿಗೆ ಎತ್ತಿ ಕಟ್ಟಲು ಮಾಡುವ ಗುಂಡಿ ಅಥವಾ ಲಾಡಿ ವ್ಯವಸ್ಥೆ.
ಕಚ್ಚಾ ಹೊಲಿಗೆ: ಟ್ರಯಲ್‌ಗೆ ಮಾತ್ರ ಹಾಕುವ, ಎಳೆದರೆ ಬಿಚ್ಚಿಕೊಳ್ಳುವ ಉದ್ದ ಹೊಲಿಗೆ.

1. ಮದುವೆ ದಿನದಿಂದ ಹಿಂದಕ್ಕೆ ಎಣಿಸಿ

ಕ್ಯಾಲೆಂಡರ್ ತೆಗೆದುಕೊಂಡು ಹಿಂದಿನಿಂದ ಗುರುತು ಹಾಕುತ್ತಾ ಬನ್ನಿ.

10 ದಿನ ಮೊದಲು: ಕೊನೆಯ ಟ್ರಯಲ್.
4 ವಾರ ಮೊದಲು: ಎರಡನೇ ಟ್ರಯಲ್. ಕೆಳಗಿನ ಅಂಚಿಗೆ ಗುರುತು ಹಾಕುವುದು ಅಂದೇ.
5–6 ವಾರ ಮೊದಲು: ಬ್ರೈಡಲ್ ಶವರ್.
8 ವಾರ ಮೊದಲು: ಮೊದಲ ಟ್ರಯಲ್. ಮೇಲ್ಭಾಗದ ಕೆಲಸ.
3 ತಿಂಗಳು ಮೊದಲು: ಗೌನ್ ಕೈಯಲ್ಲಿ ಇರಬೇಕು.
5–6 ತಿಂಗಳು ಮೊದಲು: ಆರ್ಡರ್.

ಶವರ್ ಎಲ್ಲಿ ಬಂತು ನೋಡಿದಿರಾ? ಮೇಲ್ಭಾಗದ ಟ್ರಯಲ್ ಆದ ಮೇಲೆ, ಅಂಚು ಕತ್ತರಿಸುವ ಮೊದಲು. ಉಡುಗೊರೆಯಾಗಿ ಯಾವ ಚಪ್ಪಲಿ ಬಂದರೂ ಅಂಚು ಇನ್ನೂ ನಮ್ಮ ಕೈಯಲ್ಲಿರುತ್ತದೆ. ನನ್ನ ಮಟ್ಟಿಗೆ ಇದೊಂದು ಪಾಲಿಸಿದರೆ ಅರ್ಧ ತಲೆನೋವು ಕಡಿಮೆ.

ಟೇಲರ್ ಸೀಸನ್ನೂ ಲೆಕ್ಕಕ್ಕೆ ಹಿಡಿಯಿರಿ. ಏಪ್ರಿಲ್, ಮೇ ಅಂದರೆ ಎಲ್ಲರ ಮನೆಯಲ್ಲೂ ಮದುವೆ. ದಸರಾ, ದೀಪಾವಳಿ, ರಂಜಾನ್ ಹಿಂದಿನ ಎರಡು ವಾರ ಯಾವ ಟೇಲರ್ ಕೂಡ ಮುಖ ಎತ್ತಿ ಮಾತಾಡುವುದಿಲ್ಲ. ಕ್ರೈಸ್ತರ ಮನೆಗಳಲ್ಲಿ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್ ಹಿಂದಿನ 40 ದಿನಗಳಲ್ಲಿ, ಸಾಮಾನ್ಯವಾಗಿ ಮದುವೆ ಇಡುವುದಿಲ್ಲ. ಹಾಗಾಗಿ ಈಸ್ಟರ್ ಮುಗಿದ ಕೂಡಲೇ ಗೌನ್‌ಗಳು ಒಟ್ಟಿಗೆ ಬಂದು ಬೀಳುತ್ತವೆ. ಕ್ರಿಸ್‌ಮಸ್ ಆದ ಮೇಲೂ ಅಷ್ಟೇ. ನಿಮ್ಮ ಮದುವೆ ಈ ದಿನಗಳಲ್ಲಿದ್ದರೆ ಮೇಲಿನ ಪ್ರತಿ ಗುರುತಿಗೂ ಎರಡು ವಾರ ಸೇರಿಸಿ.

2. ಅಳತೆ ತೆಗೆದು ಗೌನ್ ಕೊಳ್ಳುವುದು

ಐದು ಅಳತೆ ಬೇಕು. ಎದೆಯ ತುಂಬಿದ ಭಾಗ, ಎದೆಯ ಕೆಳಗೆ, ಸೊಂಟದ ಅತಿ ಸಣ್ಣ ಭಾಗ, ಪೃಷ್ಠದ ಅಗಲದ ಭಾಗ, ಮತ್ತು ಕೊರಳ ಕುಳಿಯಿಂದ ನೆಲದವರೆಗಿನ ಉದ್ದ. ಕೊನೆಯದನ್ನು ಚಪ್ಪಲಿ ಹಾಕಿಕೊಂಡೇ ತೆಗೆಯಿರಿ. ನಿಮ್ಮ ಅಳತೆ ನೀವೇ ತೆಗೆದುಕೊಳ್ಳಬೇಡಿ. ಬಗ್ಗಿ ಟೇಪ್ ನೋಡಿದ ಕೂಡಲೇ ಅಳತೆ ಬದಲಾಗುತ್ತದೆ.

ಅಂಗಡಿಯ ಚಾರ್ಟ್‌ನಲ್ಲಿ ಎದೆ ಒಂದು ಸೈಜಿಗೆ, ಸೊಂಟ ಇನ್ನೊಂದು ಸೈಜಿಗೆ ಬಂದರೆ ದೊಡ್ಡ ಸೈಜೇ ತೆಗೆದುಕೊಳ್ಳಿ. ಬಿಗಿ ಮಾಡುವುದು ಸುಲಭ, ಸಡಿಲ ಮಾಡುವುದು ಕಷ್ಟ. ಆದರೆ ಎರಡು ಸೈಜಿಗಿಂತ ದೊಡ್ಡದು ಬೇಡ. ಅಷ್ಟು ಒಳಗೆ ಹಿಡಿದರೆ ಎದೆಯ ಕಪ್‌ಗಳು ಕಂಕುಳ ಕಡೆಗೆ ಸರಿಯುತ್ತವೆ, ಲೇಸಿನ ಹೂವುಗಳು ಅರ್ಧಕ್ಕೆ ಮುರಿಯುತ್ತವೆ.

ಆನ್‌ಲೈನ್‌ನಲ್ಲಿ ತರಿಸುವವರು ನಂಬರ್ ನಂಬಬೇಡಿ. ಅಮೆರಿಕದ 8 ಮತ್ತು ಬ್ರಿಟನ್ನಿನ 12 ಹೆಚ್ಚುಕಡಿಮೆ ಒಂದೇ ಸೈಜು. ಇಂಚಿನ ಚಾರ್ಟ್ ಕೇಳಿ ಪಡೆಯಿರಿ. "ಮುಂದಿನ ತಿಂಗಳು ತೂಕ ಇಳಿಸ್ತೀನಿ" ಎಂದು ಚಿಕ್ಕ ಸೈಜ್ ತರಿಸುವವರಿಗೆ ನನ್ನದೊಂದು ಕೈಮುಗಿತ. ಇವತ್ತಿನ ಮೈಗೆ ಕೊಳ್ಳಿ. ಇಳಿದರೆ ಹಿಡಿದು ಹೊಲಿಯೋಣ.

ಬಾಡಿಗೆ ಗೌನ್ ತರುವವರಿದ್ದರೆ: ಅದರಲ್ಲೇನೂ ಕಡಿಮೆ ಇಲ್ಲ. ಒಂದು ಸಂಜೆಯ ರಿಸೆಪ್ಷನ್‌ಗೆ ನಾನೇ ಬಾಡಿಗೆ ತನ್ನಿ ಎನ್ನುತ್ತೇನೆ. ಆದರೆ ಅದಕ್ಕೆ ಕತ್ತರಿ ಹಾಕುವಂತಿಲ್ಲ. ಒಳಗೆ ಮಡಚಿ ಕಚ್ಚಾ ಹೊಲಿಗೆ ಹಾಕಬಹುದು ಅಷ್ಟೇ. ಯಾರು ಹಾಕುತ್ತಾರೆ, ವಾಪಸ್ ಕೊಡುವಾಗ ಬಿಚ್ಚಿರಬೇಕೋ ಇಲ್ಲವೋ, ಕಲೆ ಬಿದ್ದರೆ ಎಷ್ಟು ಹಿಡಿಯುತ್ತಾರೆ, ಇವನ್ನೆಲ್ಲ ಮುಂಗಡ ಕೊಡುವ ಮೊದಲು ಚೀಟಿಯಲ್ಲಿ ಬರೆಸಿಕೊಳ್ಳಿ.

3. ಟೇಲರ್ ಹುಡುಕುವುದು, ಗೌನ್ ಉಲ್ಟಾ ಮಾಡಿ ನೋಡುವುದು

ನಮ್ಮ ಕಡೆ ಬ್ಲೌಸ್ ಹೊಲಿಯುವ ಕೈಗಳು ಬಹಳ ಚುರುಕು. ಎದೆ, ಸೊಂಟದ ಫಿಟ್ಟಿಂಗ್‌ನಲ್ಲಿ ಬೆಳಗಾವಿ ಶಹಾಪುರದ ಒಳ್ಳೆಯ ಬ್ಲೌಸ್ ಟೇಲರ್‌ಗೆ ಯಾರೂ ಪಾಠ ಹೇಳಬೇಕಿಲ್ಲ. ಗೌನ್‌ನ ಕೆಳಭಾಗ ಮಾತ್ರ ಬೇರೆ ವಿದ್ಯೆ. ಐದಾರು ಪದರ ಬಟ್ಟೆ, ಒಂದೊಂದೂ ಬೇರೆ ಉದ್ದ. ಇನ್ನು ಬೋನಿಂಗ್ ಇರುವ ಗೌನ್ ಆದರೆ ಕೋಟು ಹೊಲಿಯುವವರಿಗೆ ಅದರ ಒಳಗಿನ ಕಟ್ಟು ಬೇಗ ಅರ್ಥವಾಗುತ್ತದೆ. ಫಸ್ಟ್ ಕಮ್ಯುನಿಯನ್ ಫ್ರಾಕ್, ಅಂದರೆ ಕ್ರೈಸ್ತ ಹುಡುಗಿಯರು ಚರ್ಚ್‌ನಲ್ಲಿ ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವ ದಿನ ಹಾಕುವ ಬಿಳಿ ಫ್ರಾಕ್, ಹೊಲಿದು ರೂಢಿ ಇರುವವರು ಸಿಕ್ಕರೆ ಇನ್ನೂ ಒಳ್ಳೆಯದು. ಬಿಳಿ ಸ್ಯಾಟಿನ್, ನೆಟ್ ಎರಡೂ ಅವರ ಕೈಗೆ ಪಳಗಿರುತ್ತವೆ. ಚರ್ಚ್‌ನ ಹೆಂಗಸರನ್ನು ಕೇಳಿ, ಹೆಸರು ಸಿಗುತ್ತದೆ.

ಬಾಗಲಕೋಟೆ, ವಿಜಯಪುರದವರು ಗೌನ್ ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ಗೋವಾದಲ್ಲೋ ಕೊಂಡರೂ ಆಲ್ಟ್ರೇಶನ್‌ಗೆ ತಮ್ಮ ಊರಿನಲ್ಲೇ ಕೈ ಹುಡುಕುವುದು ವಾಸಿ. ಮೂರು ಟ್ರಯಲ್‌ಗೆ ಮೂರು ಸಲ ಪ್ರಯಾಣ ಯಾರಿಂದ ಆಗುತ್ತದೆ? ಕೊನೆಗೆ ಒಂದು ಟ್ರಯಲ್ ಬಿಟ್ಟೇಬಿಡುತ್ತೀರಿ. ಬಿಟ್ಟಿದ್ದರಲ್ಲೇ ತಪ್ಪಿರುತ್ತದೆ.

ಟೇಲರ್‌ಗೆ ಒಂದೇ ಮಾತು ಕೇಳಿ: "ಇದನ್ನು ಎಲ್ಲಿಂದ ಬಿಚ್ಚುತ್ತೀರಿ?" ಗೊತ್ತಿರುವವರು ಗೌನ್ ತಿರುಗಿಸಿ, ಅಸ್ತರ್‌ನ ಪಕ್ಕದ ಹೊಲಿಗೆ ಹುಡುಕಿ, ಬೆರಳಿನಿಂದ ಮಾರ್ಜಿನ್ ಹಿಡಿದು ನೋಡುತ್ತಾರೆ. ಗೊತ್ತಿಲ್ಲದವರು ಹೊರಗಿನಿಂದಲೇ ಪಿನ್ ಚುಚ್ಚಿ "ಆಗ್ತದ ಬಿಡ್ರಿ" ಎನ್ನುತ್ತಾರೆ.

ಮಾರ್ಜಿನ್ ಲೆಕ್ಕ ನೀವೂ ಕಲಿಯಿರಿ, ಕಷ್ಟವಿಲ್ಲ. ಪಕ್ಕದ ಹೊಲಿಗೆ ಎರಡು. ಒಂದೊಂದರಲ್ಲೂ ಮುಂದಿನ ಬಟ್ಟೆ, ಹಿಂದಿನ ಬಟ್ಟೆ ಎಂದು ಎರಡು ತುದಿ. ಒಟ್ಟು ನಾಲ್ಕು. ಒಂದೊಂದು ತುದಿಯಲ್ಲಿ ಮುಕ್ಕಾಲು ಇಂಚು ಇದ್ದರೆ, ಕಾಲು ಇಂಚು ಹೊಲಿಗೆಗೆ ಉಳಿಸಿ ಅರ್ಧ ಇಂಚು ಬಿಡಬಹುದು. ನಾಲ್ಕು ಅರ್ಧ ಅಂದರೆ 2 ಇಂಚು ಸಡಿಲ. ಮಾರ್ಜಿನ್ ಬರೀ ಅರ್ಧ ಇಂಚು ಇದ್ದರೆ ಸಿಗುವುದು 1 ಇಂಚು. ಅಗ್ಗದ ಗೌನ್‌ಗಳಲ್ಲಿ ಬಟ್ಟೆ ಉಳಿಸಲು ಮಾರ್ಜಿನ್ ಕಡಿಮೆ ಬಿಡುತ್ತಾರೆ. ಅಂಗಡಿಯಲ್ಲೇ ತಿರುಗಿಸಿ ನೋಡಿ, ನಾಚಿಕೊಳ್ಳಬೇಡಿ.

ಎಚ್ಚರ: ಸ್ಯಾಟಿನ್‌ನಲ್ಲಿ ಹಳೆ ಹೊಲಿಗೆ ಬಿಚ್ಚಿದರೆ ಸೂಜಿ ತೂತಿನ ಸಾಲು ಉಳಿಯುತ್ತದೆ. ಮೇಲೆ ಲೇಸ್ ಇದ್ದರೆ ಅದು ಮುಚ್ಚಿಹೋಗುತ್ತದೆ. ಬರೀ ಸ್ಯಾಟಿನ್ ಆದರೆ ಎದ್ದು ಕಾಣುತ್ತದೆ. ಮೊದಲೇ ಒಳಭಾಗದಲ್ಲಿ ಒಂದು ಇಂಚು ಬಿಚ್ಚಿ ನೋಡಲು ಹೇಳಿ.

4. ಮೊದಲ ಟ್ರಯಲ್: ಮೇಲ್ಭಾಗ ಮಾತ್ರ

ಜೊತೆಗೆ ತರಬೇಕಾದ್ದು: ಅಂದು ಹಾಕುವ ಒಳಉಡುಪು, ಸದ್ಯಕ್ಕೆ ಅಂದುಕೊಂಡಿರುವ ಹೀಲ್ಸ್, ಮತ್ತು ಕನ್ನಡಿಯಲ್ಲಿ ಕಾಣದ್ದನ್ನು ಬಾಯಿಬಿಟ್ಟು ಹೇಳುವ ಒಬ್ಬರು. ಒಬ್ಬರು ಸಾಕು. ಅತ್ತೆ, ಚಿಕ್ಕಮ್ಮ, ನಾಲ್ಕು ಗೆಳತಿಯರು ಎಲ್ಲರೂ ಬಂದರೆ ಟೇಲರ್ ಯಾರ ಮಾತು ಕೇಳಬೇಕು?

ಕೆಲಸ ಮೇಲಿನಿಂದ ಕೆಳಕ್ಕೆ ಸಾಗಬೇಕು. ಮೊದಲು ಭುಜ. ಭುಜದ ಪಟ್ಟಿ ಅರ್ಧ ಇಂಚು ಎತ್ತಿದರೆ ಎದೆ, ಸೊಂಟ, ಅಂಚು ಎಲ್ಲವೂ ಅರ್ಧ ಇಂಚು ಮೇಲಕ್ಕೆ ಹೋಗುತ್ತವೆ. ಅದಕ್ಕೇ ಅಂಚಿನ ಮಾತು ಈಗ ಬೇಡ ಎನ್ನುವುದು. ಭುಜ ಆದ ಮೇಲೆ ಎದೆ, ಆಮೇಲೆ ಸೊಂಟ.

ಭುಜದ ಪಟ್ಟಿಯೇ ಇಲ್ಲದ ಗೌನ್ ಆದರೆ ಅದನ್ನು ಎತ್ತಿ ಹಿಡಿಯುವುದು ಸೊಂಟ. ಎದೆ ಹತ್ತಿರ ಎಷ್ಟೇ ಬಿಗಿ ಮಾಡಿದರೂ ಸೊಂಟ ಸಡಿಲ ಇದ್ದರೆ ಜಾರುತ್ತಲೇ ಇರುತ್ತದೆ. ಒಳಗೆ ಸೊಂಟದ ಸುತ್ತಳತೆಗೆ ಒಂದು ಗಟ್ಟಿ ರಿಬ್ಬನ್ ಪಟ್ಟಿ ಹೊಲಿಸಿ, ಹಿಂದೆ ಹುಕ್ ಇಡಿಸಿ. ಮದುವೆ ದಿನ ಮೊದಲು ಆ ಪಟ್ಟಿ ಹಾಕಿ, ಆಮೇಲೆ ಜಿಪ್. ಇಡೀ ಗೌನ್‌ನ ಭಾರ ಸೊಂಟದ ಮೇಲೆ ಕೂರುತ್ತದೆ. ಎರಡು ನಿಮಿಷಕ್ಕೊಮ್ಮೆ ಮೇಲೆ ಎಳೆದುಕೊಳ್ಳುವುದು ತಪ್ಪುತ್ತದೆ.

ಎದೆಗೆ 2 ಇಂಚಿಗಿಂತ ಜಾಸ್ತಿ ಸಡಿಲ ಬೇಕಾದರೆ ಪಕ್ಕದ ಹೊಲಿಗೆಯಲ್ಲಿ ಒದ್ದಾಡಬೇಡಿ. ಹಿಂದಿನ ಜಿಪ್ ತೆಗೆಸಿ, ಎರಡೂ ಬದಿಗೆ ಬಟ್ಟೆಯ ಕುಣಿಕೆ ಹಾಕಿಸಿ, ನಡುವೆ ಲಾಡಿ ಏರಿಸಿ ಬಿಗಿಯುವ ಹಾಗೆ ಮಾಡಿಸಿ. ಒಳಗೆ ಬೆನ್ನು ಕಾಣದಂತೆ ಒಂದು ಅಡ್ಡಪಟ್ಟಿ. ಇದರಿಂದ ಮೂರು ನಾಲ್ಕು ಇಂಚಿನ ಆಟ ಸಿಗುತ್ತದೆ. ಮದುವೆ ಹತ್ತಿರ ಮೈ ಇಳಿದರೂ ಏರಿದರೂ ಲಾಡಿ ನೋಡಿಕೊಳ್ಳುತ್ತದೆ. ಕೇಳವಣದ, ಅಂದರೆ ಮದುವೆಗೆ ಮೊದಲು ಬಂಧುಗಳು ಕರೆದು ಹಾಕುವ, ಊಟದ ಸಾಲು ಶುರುವಾದ ಮೇಲೆ ಮೈ ಎತ್ತ ಹೋಗುತ್ತದೆ ಎಂದು ನನಗೂ ಗೊತ್ತು, ನಿಮಗೂ ಗೊತ್ತು.

ಮಣಿ, ಸೀಕ್ವಿನ್ ಇರುವ ಕಡೆ ಹೊಲಿಯುವುದನ್ನು ಒಮ್ಮೆ ಹತ್ತಿರ ಕೂತು ನೋಡಿ. ಹೊಲಿಗೆ ಬರುವ ಗೆರೆಯಿಂದ ಆಚೀಚೆ ಅರ್ಧ ಇಂಚಿನ ಮಣಿಗಳನ್ನು ಒಂದೊಂದಾಗಿ ಕೈಯಿಂದ ಬಿಡಿಸಿ ಬಟ್ಟಲಿಗೆ ಹಾಕಬೇಕು. ಬಿಡಿಸಿದ ಕಡೆಯ ದಾರ ಹರಿದು ಮಿಕ್ಕ ಮಣಿಗಳೂ ಉದುರದಂತೆ ತುದಿಗೆ ಗಂಟು ಹಾಕಬೇಕು. ಆಮೇಲೆ ಮಷಿನ್. ಆಮೇಲೆ ಮತ್ತೆ ಕೂತು ಸಣ್ಣ ಸೂಜಿಯಲ್ಲಿ ಮಣಿ ಪೋಣಿಸುವುದು. ಎರಡು ಕಡೆ ಸೊಂಟ ಹಿಡಿಯಲು ಒಂದು ಇಡೀ ದಿನ ಹೋಗುತ್ತದೆ. "ಎರಡು ಹೊಲಿಗೆಗೆ ಇಷ್ಟು ದುಡ್ಡಾ" ಎಂದು ಚೌಕಾಸಿ ಮಾಡುವ ಮುಂಚೆ ಆ ಬಟ್ಟಲು ನೆನಪಿರಲಿ. ಮಣಿ ಬಿಡಿಸದೆ ಮಷಿನ್ ಓಡಿಸಿದರೆ ಸೂಜಿ ಮುರಿಯುತ್ತದೆ, ಮಣಿ ಒಡೆಯುತ್ತದೆ, ಚೂರು ಒಳಗೆ ಉಳಿದು ಮೈಗೆ ಚುಚ್ಚುತ್ತದೆ.

ತೋಳು ಬೇಕೋ ಬೇಡವೋ ಇದೂ ಈಗಲೇ ನಿರ್ಧಾರ ಆಗಲಿ. ಭುಜ ತೆರೆದ ಗೌನ್ ಬಗ್ಗೆ ನಿಮ್ಮ ಚರ್ಚ್‌ನ ಫಾದರ್ ಏನು ಹೇಳುತ್ತಾರೆ ಎಂದು ಮೊದಲೇ ಕೇಳಿ. ಮದುವೆ ಹಿಂದಿನ ದಿನ ಕೇಳಿ ಗಾಬರಿ ಬೀಳುವುದು ಬೇಡ. ಹೊಂದುವ ಲೇಸ್ ಬೆಳಗಾವಿಯ ಖಡೇಬಜಾರ್, ಗಣಪತ್ ಗಲ್ಲಿ ಕಡೆ ಹುಡುಕಬಹುದು. ಹೋಗುವಾಗ ಗೌನ್‌ನ ಒಳಗಿನಿಂದ ಕತ್ತರಿಸಿದ ಒಂದು ತುಣುಕು ಕೈಯಲ್ಲಿರಲಿ. ಬಿಳಿಯಲ್ಲಿ ನೂರು ಬಿಳಿ. ಫೋನಿನ ಫೋಟೋ ನೋಡಿ ತಂದದ್ದು ಮನೆಯಲ್ಲಿ ಹಳದಿ ಹೊಡೆಯುತ್ತದೆ. ಅಂಗಡಿಯ ಟ್ಯೂಬ್‌ಲೈಟ್ ಬೆಳಕನ್ನೂ ನಂಬಬೇಡಿ, ಹೊರಗೆ ಬಿಸಿಲಿಗೆ ತಂದು ಜೋಡಿಸಿ ನೋಡಿ.

ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ಮದುವೆ ಇದ್ದವರು ಇಲ್ಲಿ ಒಂದು ಕೆಲಸ ಮಾಡಿಸಿ. 40 ಡಿಗ್ರಿ ಬಿಸಿಲಿನಲ್ಲಿ ಪಾಲಿಸ್ಟರ್ ಅಸ್ತರ್ ಮೈಗೆ ಅಂಟುತ್ತದೆ. ಮೇಲ್ಭಾಗದ ಅಸ್ತರ್ ಮಾತ್ರ ಬಿಚ್ಚಿ ತೆಳು ಕಾಟನ್ ಹಾಕಿಸಿ. ಕಂಕುಳಲ್ಲಿ ತೆಗೆದು ಹಾಕುವ ಬೆವರು ಪ್ಯಾಡ್ ಇಡಿಸಿ.

5. ಈಗ ಶವರ್

ಮನೆಯ ಹಿರಿಯರಿಗೆ ಮೊದಲೇ ವಿವರಿಸಿಬಿಡಿ. "ಶವರ್" ಅಂದ ಕೂಡಲೇ ನಮ್ಮ ಕಡೆ ಬೇಬಿ ಶವರ್ ನೆನಪಾಗಿ, "ಏನು, ಮದುವಿಗಿಂತ ಮೊದಲ ಕುಬಸಾ?" ಎಂದು ಅಜ್ಜಿ ಗಾಬರಿಯಾದರೆ ತಪ್ಪು ಅವರದ್ದಲ್ಲ. ಬ್ರೈಡಲ್ ಶವರ್ ಅಂದರೆ ಮದುವೆಗೆ ಮೊದಲು ಗೆಳತಿಯರು, ಹತ್ತಿರದ ಹೆಂಗಸರು ಸೇರಿ ಮದುಮಗಳಿಗೆ ಉಡುಗೊರೆ ಕೊಟ್ಟು ಉಂಡು ನಗುವ ಒಂದು ಸಂಜೆ. ಪದ್ಧತಿ ಪಶ್ಚಿಮದ್ದು. ಆದರೆ ಬೆಳಗಾವಿಯ ಮರಾಠಿ ಮನೆಗಳ ಕೇಳವಣ, ಅಂದರೆ ಮದುಮಗಳನ್ನು ಬಂಧುಗಳು ಊಟಕ್ಕೆ ಕರೆಯುವುದು, ಹೆಚ್ಚುಕಡಿಮೆ ಇದೇ ಅಲ್ವಾ? ಹಾಗೆ ಹೇಳಿದರೆ ಎಲ್ಲರಿಗೂ ಸಲೀಸು. ಕೊಂಕಣಿ ಕ್ಯಾಥೊಲಿಕ್ ಮನೆಗಳಲ್ಲಿ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರ ಬೇರೆ. ಅದು ಮದುವೆಗೆ ಹೊಂದಿಕೊಂಡೇ ಬರುತ್ತದೆ, ಶವರ್ ಅನ್ನು ಅದರ ಜೊತೆ ಸೇರಿಸಬೇಡಿ.

ಯಾರು ಮಾಡಬೇಕು? ಗೆಳತಿಯರು ಅಥವಾ ಅಕ್ಕತಂಗಿಯರು. ಮದುಮಗಳೇ ಖರ್ಚು ಮಾಡಿ ಮಾಡುವುದಲ್ಲ. ನಾಲ್ಕೈದು ಜನ ಸೇರಿ ತಲಾ ಎಷ್ಟು ಎಂದು ಮೊದಲ ದಿನವೇ ತೀರ್ಮಾನಿಸಿ, ಒಬ್ಬರ ಫೋನಿಗೆ ದುಡ್ಡು ಹಾಕಿ. ಎಲ್ಲರೂ ಸ್ವಲ್ಪ ಸ್ವಲ್ಪ ಖರ್ಚು ಮಾಡಿ ಆಮೇಲೆ ಲೆಕ್ಕ ನೋಡೋಣ ಎಂದರೆ ಸ್ನೇಹ ಕೆಡುವುದು ಅಲ್ಲೇ.

ಯಾರನ್ನು ಕರೆಯಬೇಕು? 15ರಿಂದ 25 ಜನ ಸಾಕು. ಮದುವೆಗೆ ಕರೆಯದವರನ್ನು ಶವರ್‌ಗೆ ಕರೆಯಬೇಡಿ. ಉಡುಗೊರೆ ತಗೊಂಡು ಮದುವೆಗೆ ಕರೆಯಲಿಲ್ಲ ಅನ್ನೋ ಮಾತು ಜನ್ಮಪೂರ್ತಿ ಉಳಿಯುತ್ತದೆ.

ಉಡುಗೊರೆ ವಿಷಯ ಸ್ವಲ್ಪ ಬಿಚ್ಚಿ ಹೇಳಬೇಕು. ಇದು ಆಯೇರಿ ಅಲ್ಲ. ಕೊಟ್ಟಷ್ಟು ತಿರುಗಿ ಕೊಡುವ ಲೆಕ್ಕ ಇಲ್ಲಿಲ್ಲ. ಆದ್ದರಿಂದ ಬೇಕಾದ್ದನ್ನು ಹೇಳಲು ಸಂಕೋಚ ಬೇಡ. ಮದುಮಗಳು ಒಂದು ಚೀಟಿ ಬರೆದು ಒಬ್ಬ ಗೆಳತಿಗೆ ಕೊಡಲಿ, ಆ ಗೆಳತಿ ಹಂಚಲಿ. ಅದರಲ್ಲಿ ಗೌನ್‌ಗೆ ಸಂಬಂಧಿಸಿದ ಸಾಮಾನನ್ನು ಬೇರೆ ಮಾಡಿ ಬರೆಯಿರಿ. ಚಪ್ಪಲಿಯಾದರೆ ಸೈಜ್ ಮತ್ತು ಹೀಲ್‌ನ ಎತ್ತರ ಇಂಚಿನಲ್ಲಿ. ನೆಕ್ಲೇಸ್ ಆದರೆ ಗೌನ್‌ನ ಕುತ್ತಿಗೆಯ ಫೋಟೋ. ವೇಲ್ ಆದರೆ ಬಟ್ಟೆಯ ತುಣುಕು. ಒಳಉಡುಪು ಮಾತ್ರ ಯಾರೂ ಕೊಡುವುದು ಬೇಡ, ಅದು ಮೊದಲ ಟ್ರಯಲ್‌ನಲ್ಲೇ ನಿಗದಿಯಾಗಿದೆ. ರಿಸೆಪ್ಷನ್‌ಗೆ ಗೌನ್ ಹಾಕುವವರು ಇನ್ನೊಂದು ನೋಡಿಕೊಳ್ಳಿ: ಅಂದು ಕೊರಳಲ್ಲಿ ತಾಳಿ ಇರುತ್ತದೆ. ಗೌನ್‌ನ ಕುತ್ತಿಗೆ ಎಷ್ಟು ಇಳಿದಿದೆ, ತಾಳಿ ಎಲ್ಲಿಗೆ ಬರುತ್ತದೆ, ಲೇಸಿಗೆ ಸಿಕ್ಕಿಕೊಳ್ಳುತ್ತದಾ? ಅಷ್ಟೇ ಉದ್ದದ ಒಂದು ಸರ ಹಾಕಿ ಟ್ರಯಲ್‌ನಲ್ಲಿ ನೋಡಬಹುದು. ಕಾಲುಂಗುರ ಹಾಕಿದ ಬೆರಳು ಮುಚ್ಚಿದ ಹೀಲ್ಸ್‌ನಲ್ಲಿ ನೋಯುತ್ತದೆ. ಮುಂದೆ ತೆರೆದದ್ದು ಕೇಳಿ.

ಜಾಗ: ಮನೆಯ ಟೆರೇಸ್, ಹಾಲ್ ಸಾಕು. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೆರೇಸ್ ನೆಚ್ಚಬೇಡಿ. ವಿಜಯಪುರದಲ್ಲಿ ಬೇಸಿಗೆಯಾದರೆ ಸಂಜೆ ಆರರ ಮೇಲೆ. ತಿನ್ನಲಿಕ್ಕೆ ಗಿರಮಿಟ್ಟು, ಮಿರ್ಚಿ ಭಜಿ, ಬೆಳಗಾವಿ ಕುಂದಾ. ಬಾಗಲಕೋಟೆ ಕಡೆಯವರು ಅಮೀನಗಡದ ಕರದಂಟು ಇಟ್ಟರೆ ಮನೆಗೆ ಕಟ್ಟಿಕೊಡಲೂ ಆಯಿತು. ಕೇಕ್ ಒಂದು ಸಣ್ಣದಿದ್ದರೆ ಸಾಕು, ಮುಖಕ್ಕೆ ಹಚ್ಚುವ ಆಟ ಬೇಡವೇ ಬೇಡ.

ಆಟಗಳಿಗೆ ಇಂಟರ್ನೆಟ್ ಹುಡುಕುವವರಿಗೆ ಹೇಳುವುದು: ಒಡಪು ಇದೆಯಲ್ಲ! ಗಂಡನ ಹೆಸರು ಕೂಡಿಸಿ ಪ್ರಾಸ ಕಟ್ಟಿ ಹೇಳುವುದು. ಮದುವೆ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳು ಎಂದಾಗ ತಡವರಿಸುವ ಬದಲು ಇಲ್ಲೇ ರೂಢಿ ಆಗಲಿ. ಒಬ್ಬೊಬ್ಬರೂ ಮದುಮಗಳಿಗಾಗಿ ಒಂದು ಕಟ್ಟಬೇಕು. "ಕುಂದಾ ಆಗಾಕ ಹಾಲು ಕುದೀಬೇಕ್ರಿ ತಾಸುಗಟ್ಟಲೆ, ನಮ್ಮ ರಾಯರು ಟ್ರಯಲ್‌ಗೆ ಕಾದಾರ ಅಂಗಡಿ ಕಟ್ಟಿಮ್ಯಾಲೆ." ಇಂಥದ್ದು ನಡೆಯುತ್ತದೆ. "ನಮ್ಮ" ಇದ್ದಲ್ಲಿ ಹುಡುಗನ ಹೆಸರು ಹಾಕಿಕೊಳ್ಳಿ.

ಎಚ್ಚರ: ಸರ್‌ಪ್ರೈಸ್ ಶವರ್ ಇಡುವುದಾದರೆ ಟೇಲರ್ ತಾರೀಖು ಕೇಳಿಕೊಂಡು ಇಡಿ. ಮತ್ತೆ, ಗೌನ್ ತೋರಿಸು ಎಂದು ಶವರ್ ದಿನ ಯಾರು ಎಷ್ಟು ಕಾಡಿದರೂ ಗೌನ್ ಹೊರಗೆ ತೆಗೆಯಬೇಡಿ. ಭಜಿ ಎಣ್ಣೆಯ ಕೈಗಳು ಅಲ್ಲೇ ಇರುತ್ತವೆ.

6. ಎರಡನೇ ಟ್ರಯಲ್: ಅಂಚು ಮತ್ತು ಟ್ರೇನ್

ಇವತ್ತು ಕೊನೆಯ ಚಪ್ಪಲಿ, ಕೊನೆಯ ಕ್ಯಾನ್‌ಕ್ಯಾನ್ ಎರಡೂ ಹಾಕಿಕೊಂಡಿರಬೇಕು. ಕ್ಯಾನ್‌ಕ್ಯಾನ್ ಬಟ್ಟೆಯನ್ನು ಹೊರಕ್ಕೆ ತಳ್ಳುವುದರಿಂದ ಅಂಚು ಮೇಲೇರುತ್ತದೆ. ಅದಿಲ್ಲದೆ ಗುರುತು ಹಾಕಿದರೆ ಆಮೇಲೆ ಗಿಡ್ಡ.

ನೀವು ನೆಟ್ಟಗೆ ನಿಲ್ಲಿ, ಟೇಲರ್ ನೆಲದ ಮೇಲೆ ಕೂರಲಿ. ನೀವು ಬಗ್ಗಿ ನೋಡಿದರೆ ಮುಂದಿನ ಅಂಚು ಇಳಿದು ಲೆಕ್ಕ ತಪ್ಪುತ್ತದೆ. ಮುಂದೆ ನೆಲದಿಂದ ಅರ್ಧ ಇಂಚು ಮೇಲೆ ಇರಲಿ. ಪಿನ್ ಹಾಕಿದ ಮೇಲೆ ಹತ್ತು ಹೆಜ್ಜೆ ನಡೆಯಿರಿ. ಕಾಲಿನಿಂದ ಒದ್ದು ನಡೆಯುವಂತಾದರೆ ಇನ್ನೂ ಉದ್ದ ಇದೆ.

ಪದರಗಳನ್ನು ಒಟ್ಟಿಗೆ ಹಿಡಿದು ಕತ್ತರಿಸಲು ಬಿಡಬೇಡಿ. ಅಸ್ತರ್, ಸ್ಯಾಟಿನ್, ನೆಟ್ ಒಂದೊಂದಕ್ಕೂ ಬೇರೆ ಗುರುತು. ನೆಟ್ಟಿನ ನೂಲು ಬಿಡುವುದಿಲ್ಲ, ಅದನ್ನು ಹರಿತ ಕತ್ತರಿಯಿಂದ ಕತ್ತರಿಸಿದರೆ ಸಾಕು, ಮಡಚಿ ಹೊಲಿಯಬೇಕಿಲ್ಲ. ಅಂಚಿನುದ್ದಕ್ಕೂ ಲೇಸಿನ ಬಾರ್ಡರ್ ಇದ್ದರೆ ಕತ್ತರಿಸುವಂತೆಯೇ ಇಲ್ಲ. ಲೇಸನ್ನು ಬಿಡಿಸಿ, ಬಟ್ಟೆ ಗಿಡ್ಡ ಮಾಡಿ, ಲೇಸನ್ನು ಮೇಲಕ್ಕೆ ಕೂರಿಸಿ ಕೈಯಿಂದ ಹೊಲಿಯಬೇಕು. ಇಲ್ಲವೇ ಸೊಂಟದ ಹೊಲಿಗೆ ಬಿಚ್ಚಿ ಅಲ್ಲಿಂದ ಎತ್ತಬೇಕು. ಎರಡೂ ದೊಡ್ಡ ಕೆಲಸ. ನಾಲ್ಕು ವಾರ ಬೇಕು ಎನ್ನುವುದು ಇದಕ್ಕೇ.

ಕತ್ತರಿಸಿದ ಬಟ್ಟೆಯೆಲ್ಲ ಕೇಳಿ ತೆಗೆದುಕೊಳ್ಳಿ. ಕಂಕುಳಲ್ಲಿ ಬಿಗಿಯಾದರೆ ಸೇರಿಸಲು, ಭುಜದ ಪಟ್ಟಿಗೆ, ಹೂವಿನ ಗುಚ್ಛದ ಹಿಡಿಕೆಗೆ ಇದಕ್ಕಿಂತ ಹೊಂದುವ ಬಟ್ಟೆ ಇನ್ನೆಲ್ಲೂ ಸಿಗುವುದಿಲ್ಲ.

ಬಸಲ್ ಅಂಚು ಮುಗಿದ ಮೇಲೆಯೇ. ಟ್ರೇನ್ ಎತ್ತಿ ಹೊರಗಿನ ಗುಂಡಿಗೆ ಸಿಕ್ಕಿಸುವುದು ಒಂದು ಬಗೆ. ಒಳಗಿನಿಂದ ಲಾಡಿ ಕಟ್ಟಿ ಮಡಿಕೆ ಬೀಳಿಸುವುದು ಇನ್ನೊಂದು. ಭಾರದ ಗೌನ್‌ಗೆ ಒಂದೇ ಗುಂಡಿ ನಂಬಬೇಡಿ, ಹರಿದುಹೋಗುತ್ತದೆ. ಒಳ ಲಾಡಿ ಆದರೆ ಪ್ರತಿ ಜೋಡಿಗೂ ಬೇರೆ ಬೇರೆ ಬಣ್ಣ ಹಾಕಿಸಿ. ಕೆಂಪಿಗೆ ಕೆಂಪು, ನೀಲಿಗೆ ನೀಲಿ. ಮದುವೆ ಗದ್ದಲದಲ್ಲಿ ಗೌನ್‌ನೊಳಗೆ ತಲೆ ಹಾಕಿ ಕೂತ ಗೆಳತಿ ನಿಮ್ಮನ್ನು ಹರಸುತ್ತಾಳೆ.

7. ಕೊನೆಯ ಟ್ರಯಲ್

ಬಸಲ್ ಕಟ್ಟುವ ಗೆಳತಿ ಜೊತೆಗೆ ಬರಲೇಬೇಕು. ಅವಳೇ ಎರಡು ಸಲ ಕಟ್ಟಿ ಬಿಚ್ಚಲಿ, ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಲಿ.

ನೀವು ಕುರ್ಚಿ ಮೇಲೆ ಕೂತು ನೋಡಿ. ಎರಡೂ ಕೈ ಮೇಲೆತ್ತಿ, ಹಾರ ಹಾಕುವ ಹಾಗೆ. ಚರ್ಚ್ ಮದುವೆಯಾದರೆ ಮೊಣಕಾಲೂರಿ ಏಳಿ. ಅಂಚು ಹೀಲಿಗೆ ಸಿಕ್ಕಿಕೊಳ್ಳುವುದು ಏಳುವಾಗಲೇ. ಎರಡು ಮೆಟ್ಟಿಲು ಹತ್ತಿ ಇಳಿಯಿರಿ. ಉಸಿರು ಪೂರ್ತಿ ಎಳೆದುಕೊಳ್ಳಿ. ಎಲ್ಲಿ ಬಿಗಿ ಎನಿಸುತ್ತದೋ ಅಲ್ಲಿ ಸುಮ್ನೆ ಇರಬೇಡಿ, ಹೇಳಿ.

ಈ ಟ್ರಯಲ್ ಅರಿಶಿನ, ಮೆಹಂದಿ ಶಾಸ್ತ್ರಕ್ಕಿಂತ ಮೊದಲೇ ಮುಗಿದಿರಲಿ. ಅರಿಶಿನ ಹಚ್ಚಿದ ಕುತ್ತಿಗೆ ಎಷ್ಟು ತೊಳೆದರೂ ಬೆವರಿನ ಜೊತೆ ಸ್ವಲ್ಪ ಬಿಡುತ್ತದೆ, ಬಿಳಿ ಸ್ಯಾಟಿನ್‌ಗೆ ಹತ್ತಿದರೆ ಹೋಗುವುದು ಕಷ್ಟ. ರಿಸೆಪ್ಷನ್ ದಿನವೂ ಗೌನ್ ಹಾಕುವ ಮೊದಲು ಕುತ್ತಿಗೆ, ಕಂಕುಳನ್ನು ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಹಳದಿ ಹತ್ತುವುದು ನಿಂತ ಮೇಲೆ ಗೌನ್.

8. ಇಸ್ತ್ರಿ, ಸಾಗಣೆ, ಆ ದಿನ

ಬೀದಿ ತುದಿಯ ಕೆಂಡದ ಇಸ್ತ್ರಿಗೆ ದಯವಿಟ್ಟು ಕೊಡಬೇಡಿ. ನೆಟ್ ಮತ್ತು ಪಾಲಿಸ್ಟರ್ ಸ್ಯಾಟಿನ್ ಕರಗುತ್ತವೆ. ಅಂಟಿಸಿದ ಕಲ್ಲುಗಳು ಕಿತ್ತುಬರುತ್ತವೆ. ಸ್ಟೀಮ್ ಇಸ್ತ್ರಿ, ಕಡಿಮೆ ಕಾವು, ಒಳಭಾಗದಿಂದ, ಮೇಲೆ ಕಾಟನ್ ಬಟ್ಟೆ ಹಾಸಿ. ಮೊದಲು ಮಾರ್ಜಿನ್‌ನಲ್ಲಿ ಒಂದು ಮೂಲೆಗೆ ಹಚ್ಚಿ ನೋಡಿ.

ಬಸ್ಸಿನಲ್ಲೋ ಕಾರಿನಲ್ಲೋ ಒಯ್ಯುವಾಗ ಹಳೆ ಬಿಳಿ ಪಂಚೆಯಲ್ಲಿ ಸುತ್ತಿ, ಅಗಲವಾಗಿ ಮಡಚಿ. ಮಣಿ ತುಂಬಿದ ಗೌನ್ ಹ್ಯಾಂಗರ್‌ಗೆ ನೇತು ಹಾಕಿದರೆ ತನ್ನ ಭಾರಕ್ಕೇ ಜಗ್ಗಿ ಭುಜ ಹಿಗ್ಗುತ್ತದೆ. ಹ್ಯಾಂಗರ್ ಬೇಕೇ ಬೇಕೆಂದರೆ ಒಳಗೆ ಸೊಂಟದ ಹತ್ತಿರ ಕುಣಿಕೆ ಹೊಲಿಸಿ ಅದರಿಂದ ನೇತು ಹಾಕಿ.

ಕೈಚೀಲದಲ್ಲಿ ಇರಲಿ: ಬಿಳಿ ದಾರ ಹಾಕಿದ ಎರಡು ಸೂಜಿ, ಪಿನ್ನುಗಳು, ಸಣ್ಣ ಕತ್ತರಿ, ಬಿಳಿ ಚಾಕ್‌ಪೀಸ್. ಬಿಳಿ ಗೌನ್‌ಗೆ ಸಣ್ಣ ಕಲೆ ಹತ್ತಿದರೆ ಉಜ್ಜಬೇಡಿ, ಒದ್ದೆ ಬಟ್ಟೆಯಿಂದ ಒತ್ತಿ, ಒಣಗಿದ ಮೇಲೆ ಚಾಕ್ ಸವರಿ. ಫೋಟೋದಲ್ಲಿ ಕಾಣುವುದಿಲ್ಲ.

ಮದುವೆ ಮುಗಿದ ಎರಡು ವಾರದೊಳಗೆ ಡ್ರೈಕ್ಲೀನ್‌ಗೆ ಕೊಡಿ. ಕೇಕ್, ಜ್ಯೂಸ್, ಬೆವರಿನ ಕಲೆ ಇವತ್ತು ಕಾಣದಿದ್ದರೂ ಕೆಲವು ತಿಂಗಳಲ್ಲಿ ಹಳದಿಯಾಗಿ ಮೇಲೆ ಬರುತ್ತದೆ. ಎಲ್ಲಿ ಏನು ಚೆಲ್ಲಿತ್ತು ಎಂದು ಚೀಟಿ ಅಂಟಿಸಿ ಕೊಟ್ಟರೆ ಅವರಿಗೂ ಅನುಕೂಲ. ವಾಪಸ್ ಬಂದದ್ದನ್ನು ಪ್ಲಾಸ್ಟಿಕ್ ಕವರ್‌ನಿಂದ ತೆಗೆದು ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿಡಿ. ಬೆಳಗಾವಿಯ ಮಳೆಗಾಲ ಮುಗಿದ ಮೇಲೆ ಒಂದು ದಿನ ನೆರಳಿನಲ್ಲಿ ಗಾಳಿಗೆ ಹರಡಿ, ಮಡಿಕೆ ಬದಲಿಸಿ ಮತ್ತೆ ಸುತ್ತಿಡಿ. ಉಳಿದ ಬಟ್ಟೆ, ಮಣಿಗಳ ಪೊಟ್ಟಣವೂ ಅದರ ಜೊತೆಗೇ ಇರಲಿ. ತಂಗಿ ಹಾಕುತ್ತೇನೆ ಎಂದು ಬಂದರೆ ಟೇಲರ್ ಮೊದಲು ಕೇಳುವುದು ಅದನ್ನೇ.